ವಸಂತಕಾಲದ ನಿಸರ್ಗ ಪಥದಲ್ಲಿ ನಿಧಿ ಶೋಧ ನಡಿಗೆ: ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಶಾಲೆಗಳ ಪರಿಸರ ಸಂಘಗಳು, ಯುವಕ ಮಂಡಳಿಗಳು, ಮಹಿಳಾ ಸಂಘಗಳು ಹಾಗೂ ಕುಟುಂಬಗಳು ಬೇಸಿಗೆಯ ಆರಂಭದಲ್ಲಿ ಕಾಡುಹೂಗಳನ್ನು ನೋಡುವ ಸಲುವಾಗಿ ನಿಸರ್ಗ ಪಥಗಳಲ್ಲಿ ನಡಿಗೆ ಏರ್ಪಡಿಸುವುದು ಹೆಚ್ಚುತ್ತಿದೆ. ಇಂತಹ ನಡಿಗೆಯನ್ನು ಮಕ್ಕಳಿಗೆ ಆಟದಂತೆ ರೂಪಿಸುವ ಒಂದು ವಿಧಾನವೇ ನಿಧಿ ಶೋಧ ನಡಿಗೆ. ಅಮೃತೂರು ಹೋಬಳಿ ಸೇರಿದಂತೆ ಕುಣಿಗಲ್, ಗುಬ್ಬಿ ಮತ್ತು ತುಮಕೂರು ತಾಲ್ಲೂಕುಗಳ ನಾಗರಿಕರು ಈ ನಡಿಗೆಯನ್ನು ಎಲ್ಲಿ, ಯಾವಾಗ ಮತ್ತು ಹೇಗೆ ಏರ್ಪಡಿಸಬಹುದು, ಅದಕ್ಕೆ ಯಾರ ಅನುಮತಿ ಬೇಕು, ಯಾವ ಎಚ್ಚರಿಕೆಗಳು ಅವಶ್ಯ ಎಂಬ ವಿವರಗಳನ್ನು ಈ ಪುಟದಲ್ಲಿ ನೀಡಲಾಗಿದೆ.

ಈ ಭಾಗದಲ್ಲಿ ‘ನಿಧಿ’ ಎಂಬ ಪದವನ್ನು ಎಚ್ಚರಿಕೆಯಿಂದ ಬಳಸಬೇಕಾಗಿದೆ. ಹಳೆಯ ಕೋಟೆ, ಬೆಟ್ಟ ಮತ್ತು ಪಾಳುಬಿದ್ದ ಗುಡಿಗಳಲ್ಲಿ ನಿಧಿಯ ಆಸೆಗೆ ನೆಲ ಅಗೆಯುವ, ವಿಗ್ರಹ ಕೀಳುವ, ಬಂಡೆ ಸೀಳುವ ಕೃತ್ಯಗಳು ರಾಜ್ಯದ ಅನೇಕ ಕಡೆ ನಡೆದಿವೆ. ಈ ಪುಟದಲ್ಲಿ ವಿವರಿಸಿರುವ ನಡಿಗೆ ಅದಕ್ಕೆ ಪೂರ್ಣ ವಿರುದ್ಧವಾದುದು. ಇಲ್ಲಿ ನಿಧಿಯನ್ನು ಕಂಡವರು ಅದನ್ನು ಇದ್ದ ಜಾಗದಲ್ಲಿಯೇ ಬಿಟ್ಟು ಬರಬೇಕು. ಮುಂದಿನ ತಂಡಕ್ಕೂ ಮುಂದಿನ ವರ್ಷಕ್ಕೂ ಅದೇ ನಿಧಿ ಅಲ್ಲಿಯೇ ಇರಬೇಕು. ಈ ಒಂದು ನಿಯಮವನ್ನು ಪಾಲಿಸಿದರೆ ಉಳಿದ ನಿಯಮಗಳೆಲ್ಲವೂ ತಾವಾಗಿಯೇ ಅರ್ಥವಾಗುತ್ತವೆ.

2. ನಿಧಿ ಶೋಧ ನಡಿಗೆ ಎಂದರೇನು?

ಭಾಗವಹಿಸುವವರಿಗೆ ಸುಳಿವುಗಳನ್ನು ಬರೆದ ಒಂದು ಚೀಟಿ ನೀಡಲಾಗುತ್ತದೆ. ಪ್ರತಿ ಸುಳಿವು ದಾರಿಯಲ್ಲಿ ಇರುವ ಒಂದು ಮರ, ಹೂ, ಬೀಜ, ವಾಸನೆ ಅಥವಾ ಹಕ್ಕಿಯ ದನಿಯನ್ನು ಸೂಚಿಸುತ್ತದೆ. ತಂಡದವರು ಅದನ್ನು ಗುರುತಿಸಿ, ಚೀಟಿಯಲ್ಲಿ ಹೆಸರು ಬರೆದು ಅಥವಾ ಚಿತ್ರ ಬಿಡಿಸಿ ಮುಂದೆ ಸಾಗಬೇಕು. ಕೊನೆಯ ಸುಳಿವು ಪಥದ ಅಂತ್ಯದಲ್ಲಿರುವ ಒಂದು ವಿಶೇಷ ಸ್ಥಳಕ್ಕೆ ಕರೆದೊಯ್ಯುತ್ತದೆ.

ಇಂತಹ ಆಟಕ್ಕೆ ಹೊರದೇಶಗಳಲ್ಲಿ ದೀರ್ಘ ಇತಿಹಾಸವಿದೆ. ಇಂಗ್ಲೆಂಡಿನ ಡಾರ್ಟ್‌ಮೂರ್ ಪ್ರದೇಶದಲ್ಲಿ 1854ರಲ್ಲಿ ಒಬ್ಬ ಮಾರ್ಗದರ್ಶಿಯು ನಿರ್ಜನ ಬಯಲಿನಲ್ಲಿ ಒಂದು ಸೀಸೆಯನ್ನು ಇರಿಸಿ, ಅಲ್ಲಿಗೆ ತಲುಪಿದವರು ತಮ್ಮ ಹೆಸರಿನ ಚೀಟಿಯನ್ನು ಅದರಲ್ಲಿ ಹಾಕುವ ಪದ್ಧತಿಯನ್ನು ಆರಂಭಿಸಿದನು. 2000ನೇ ಇಸವಿಯ ಮೇ ತಿಂಗಳಲ್ಲಿ ಅಮೆರಿಕವು ಉಪಗ್ರಹ ಆಧಾರಿತ ಸ್ಥಳಸೂಚಕ ವ್ಯವಸ್ಥೆಯ ನಿಖರತೆಯನ್ನು ಸಾರ್ವಜನಿಕರಿಗೆ ಮುಕ್ತಗೊಳಿಸಿದ ಮರುದಿನವೇ ಆರೆಗಾನ್ ರಾಜ್ಯದಲ್ಲಿ ಜಿಯೋಕ್ಯಾಚಿಂಗ್ ಎಂಬ ಆಟ ಪ್ರಾರಂಭವಾಯಿತು. ಈ ಎರಡರಲ್ಲಿಯೂ ಡಬ್ಬಿ ಅಥವಾ ಪೆಟ್ಟಿಗೆಯನ್ನು ಬಚ್ಚಿಡಲಾಗುತ್ತದೆ. ನಮ್ಮ ಅರಣ್ಯ ಪ್ರದೇಶಗಳಲ್ಲಿ ಯಾವುದೇ ವಸ್ತುವನ್ನು ಹೂಳುವುದು, ಬಚ್ಚಿಡುವುದು ಅಥವಾ ಮರಕ್ಕೆ ಕಟ್ಟುವುದು ಸರಿಯಲ್ಲ. ಆದುದರಿಂದ ಇಲ್ಲಿ ಸಸ್ಯವೇ ನಿಧಿ, ಸುಳಿವಿನ ಚೀಟಿಯೇ ಪೆಟ್ಟಿಗೆ.

3. ಸ್ಥಳ ಪರಿಚಯ

ಅ) ದೇವರಾಯನದುರ್ಗ ಮತ್ತು ನಾಮದ ಚಿಲುಮೆ: ತುಮಕೂರು ನಗರದಿಂದ ಸುಮಾರು 15 ಕಿ.ಮೀ. ದೂರದಲ್ಲಿರುವ ದೇವರಾಯನದುರ್ಗವು ಬೆಂಗಳೂರಿನ ಸುತ್ತಲಿನ ನವದುರ್ಗಗಳಲ್ಲಿ ಒಂದು. ಮೈಸೂರಿನ ಚಿಕ್ಕದೇವರಾಜ ಒಡೆಯರು ಈ ದುರ್ಗವನ್ನು ವಶಪಡಿಸಿಕೊಂಡ ನಂತರ ಅವರ ಹೆಸರೇ ಬೆಟ್ಟಕ್ಕೆ ಉಳಿಯಿತು. ಬೆಟ್ಟದ ಕೆಳಗೆ ಭೋಗನರಸಿಂಹ, ಮೇಲೆ ಯೋಗನರಸಿಂಹ ದೇವಾಲಯಗಳಿವೆ. ಬೆಟ್ಟಕ್ಕೆ ಹೋಗುವ ದಾರಿಯಲ್ಲಿ ಸಿಗುವ ನಾಮದ ಚಿಲುಮೆಯಲ್ಲಿ ಬಂಡೆಯ ಕುಳಿಯೊಂದರಿಂದ ನೀರು ಒಸರುತ್ತದೆ. ಶ್ರೀರಾಮನು ಹಣೆಗೆ ನಾಮ ಧರಿಸಲು ನೀರು ಬೇಕಾದಾಗ ಬಾಣ ಬಿಟ್ಟು ಈ ಚಿಲುಮೆಯನ್ನು ಹೊರಡಿಸಿದನೆಂಬುದು ಸ್ಥಳೀಯ ಐತಿಹ್ಯ. ಇಲ್ಲಿಯೇ ಜಿಂಕೆ ವನವೂ ಔಷಧಿ ಸಸ್ಯಗಳ ವನವೂ ಇವೆ. ಚಿಕ್ಕ ಮಕ್ಕಳ ನಡಿಗೆಗೆ ಬೆಟ್ಟದ ಮೇಲ್ಭಾಗಕ್ಕಿಂತ ಚಿಲುಮೆಯ ಸುತ್ತಲಿನ ಸಮತಟ್ಟಾದ ಪ್ರದೇಶ ಹೆಚ್ಚು ಸೂಕ್ತ.

ಈ ಬೆಟ್ಟಸಾಲಿನ ಮಹತ್ವ ಎರಡು ಕಾರಣಗಳಿಂದ ಗಮನಾರ್ಹ. ಮೊದಲನೆಯದಾಗಿ, ದೇವರಾಯನದುರ್ಗವು ರಾಜ್ಯದಲ್ಲಿ ಔಷಧಿ ಸಸ್ಯಗಳ ಸಂರಕ್ಷಣೆಗೆಂದು ಗುರುತಿಸಲಾದ ಅರಣ್ಯ ಪ್ರದೇಶಗಳಲ್ಲಿ ಒಂದು. ದಕ್ಷಿಣ ಭಾರತದ ಕಲ್ಲುಗುಡ್ಡಗಳಲ್ಲಿ ಮಾತ್ರ ವಾಸಿಸುವ ಹಳದಿ ಕತ್ತಿನ ಪಿಕಳಾರ ಎಂಬ ಅಪರೂಪದ ಹಕ್ಕಿಯೂ ಇಲ್ಲಿ ಕಂಡುಬರುತ್ತದೆ. ಎರಡನೆಯದಾಗಿ, ಜಯಮಂಗಲಿ ಮತ್ತು ಶಿಂಷಾ ನದಿಗಳು ಈ ಬೆಟ್ಟಗಳಲ್ಲಿ ಹುಟ್ಟುತ್ತವೆ. ಜಯಮಂಗಲಿ ಉತ್ತರಕ್ಕೆ ಹರಿದು ಉತ್ತರ ಪಿನಾಕಿನಿಯನ್ನು ಸೇರಿದರೆ, ಶಿಂಷಾ ದಕ್ಷಿಣಕ್ಕೆ ಹರಿದು ಕಾವೇರಿಯನ್ನು ಸೇರುತ್ತದೆ. ಅಮೃತೂರು ಇರುವ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯವು ಈ ಶಿಂಷಾ ನದಿಗೆ ಅಡ್ಡಲಾಗಿ ನಿರ್ಮಿತವಾದುದು. ಆದುದರಿಂದ ಅಮೃತೂರಿನ ಮಗುವೊಂದು ದೇವರಾಯನದುರ್ಗದ ಕಾಡಿನಲ್ಲಿ ನಡೆದಾಗ ತನ್ನ ತಾಲ್ಲೂಕಿನ ನೀರಿನ ಮೂಲದಲ್ಲಿಯೇ ನಡೆದಂತಾಗುತ್ತದೆ.

ಆ) ಹುತ್ರಿದುರ್ಗ ಮತ್ತು ಹುಲಿಯೂರುದುರ್ಗ: ಇವೆರಡೂ ಕುಣಿಗಲ್ ತಾಲ್ಲೂಕಿನಲ್ಲಿರುವ ಕೋಟೆಯುಳ್ಳ ಕಲ್ಲುಬೆಟ್ಟಗಳು. ಬೇಸಿಗೆಯಲ್ಲಿ ಬಂಡೆ ಬೇಗ ಕಾಯುವುದರಿಂದಲೂ ನೆರಳು ಕಡಿಮೆ ಇರುವುದರಿಂದಲೂ ಮಕ್ಕಳ ನಿಧಿ ಶೋಧ ನಡಿಗೆಗೆ ಈ ಬೆಟ್ಟಗಳ ಮೇಲ್ಭಾಗ ಸೂಕ್ತವಲ್ಲ.

ಇ) ಕೆರೆ ಏರಿ ಮತ್ತು ಗುಂಡುತೋಪು: ದೂರ ಪ್ರಯಾಣ ಸಾಧ್ಯವಿಲ್ಲದವರು ತಮ್ಮ ಊರಿನ ಕೆರೆಯ ಏರಿ, ಗುಂಡುತೋಪು ಅಥವಾ ಸಾಲುಮರಗಳ ರಸ್ತೆಯಲ್ಲಿಯೇ ಈ ನಡಿಗೆಯನ್ನು ಏರ್ಪಡಿಸಬಹುದು. ಹೊಂಗೆ, ಬೇವು, ಹಿಪ್ಪೆ, ಮುತ್ತುಗ, ಎಕ್ಕ ಮತ್ತು ತಂಗಡಿ ಗಿಡಗಳನ್ನು ನೋಡಲು ಕಾಡಿಗೇ ಹೋಗಬೇಕಾಗಿಲ್ಲ. ಕಾಳ್ಗಿಚ್ಚಿನ ಕಾರಣ ಅರಣ್ಯ ಪ್ರವೇಶ ನಿರ್ಬಂಧಿಸಿದ ದಿನಗಳಲ್ಲಿ ಇದೇ ಸರಿಯಾದ ಆಯ್ಕೆ.

4. ಹೂಬಿಡುವ ಕಾಲ

ಪಂಚಾಂಗದ ಪ್ರಕಾರ ವಸಂತ ಋತು ಯುಗಾದಿಯಿಂದ, ಅಂದರೆ ಚೈತ್ರ ಮಾಸದಿಂದ ಪ್ರಾರಂಭವಾಗುತ್ತದೆ. ಆದರೆ ಈ ಜಿಲ್ಲೆಯ ಕುರುಚಲು ಮತ್ತು ಎಲೆ ಉದುರುವ ಕಾಡುಗಳಲ್ಲಿ ವಸಂತವು ಒಂದು ತಿಂಗಳು ಮೊದಲೇ, ಶಿವರಾತ್ರಿಯ ಹೊತ್ತಿಗೆ ಕಾಣಿಸಿಕೊಳ್ಳುತ್ತದೆ.

ಅರ್ಜಿದಾರರು ತಿಳಿದಿರಬೇಕಾದ ಇನ್ನೊಂದು ಸಂಗತಿಯಿದೆ. ತಂಪು ದೇಶಗಳಲ್ಲಿ ವಸಂತದ ಹೂಗಳು ನೆಲದ ಮೇಲೆ ಅರಳುತ್ತವೆ. ನಮ್ಮಲ್ಲಿ ನೆಲದ ಸಣ್ಣ ಹೂಗಳಾದ ತುಂಬೆ, ವಿಷ್ಣುಕ್ರಾಂತಿ ಮುಂತಾದವು ಮಳೆಗಾಲದಲ್ಲಿಯೂ ಅದರ ನಂತರದ ತಿಂಗಳುಗಳಲ್ಲಿಯೂ ಹೇರಳವಾಗಿರುತ್ತವೆ. ಫೆಬ್ರವರಿಯಿಂದ ಮೇ ತಿಂಗಳವರೆಗೆ ನೆಲ ಒಣಗಿರುತ್ತದೆ, ಹೂಗಳು ಮರಗಳ ಮೇಲಿರುತ್ತವೆ. ನೀರನ್ನು ಉಳಿಸಲು ಮರಗಳು ಎಲೆ ಉದುರಿಸುತ್ತವೆ. ಎಲೆಯಿಲ್ಲದ ಕೊಂಬೆಯಲ್ಲಿ ಹೂವು ದೂರದಿಂದಲೇ ಹಕ್ಕಿ ಮತ್ತು ಜೇನುಹುಳುಗಳ ಕಣ್ಣಿಗೆ ಬೀಳುತ್ತದೆ. ಈಗ ಹೂಬಿಟ್ಟ ಅನೇಕ ಮರಗಳ ಬೀಜ ಮೊದಲ ಮಳೆಯ ವೇಳೆಗೆ ಬಲಿತು ನೆಲಕ್ಕೆ ಬೀಳುವುದರಿಂದ ಮೊಳಕೆಗೆ ತೇವ ದೊರೆಯುತ್ತದೆ. ಮಕ್ಕಳಿಗೆ ಈ ಕಾರಣವನ್ನು ನಡಿಗೆಗೆ ಮುನ್ನ ತಿಳಿಸಿದಲ್ಲಿ ಅವರು ನೆಲವನ್ನಷ್ಟೇ ಅಲ್ಲದೆ ಮೇಲೆಯೂ ನೋಡಲು ಕಲಿಯುತ್ತಾರೆ.

ನಡಿಗೆಯಲ್ಲಿ ಗುರುತಿಸಬಹುದಾದ ಮುಖ್ಯ ಸಸ್ಯಗಳು ಈ ಕೆಳಕಂಡಂತಿವೆ. ಮಳೆ ಮತ್ತು ಬಿಸಿಲನ್ನು ಅನುಸರಿಸಿ ಹೂಬಿಡುವ ಕಾಲ ಕೆಲವು ವಾರ ಹಿಂದೆ ಮುಂದೆ ಆಗಬಹುದು.

* ಬೂರುಗ (ಜನವರಿ – ಮಾರ್ಚ್): ದಪ್ಪ ಎಸಳಿನ ಕೆಂಪು ಹೂ. ಎಳೆಯ ಮರದ ಕಾಂಡದಲ್ಲಿ ಮುಳ್ಳುಗಳಿರುತ್ತವೆ. ಹೂ ಇಡಿಯಾಗಿ ನೆಲಕ್ಕೆ ಬೀಳುತ್ತದೆ. ಬಿದ್ದ ಹೂವನ್ನು ಜಿಂಕೆಗಳು ತಿನ್ನುತ್ತವೆ.
* ಮುತ್ತುಗ (ಫೆಬ್ರವರಿ – ಮಾರ್ಚ್): ಗಿಳಿಯ ಕೊಕ್ಕಿನಂತೆ ಬಾಗಿದ ಕೇಸರಿ ಹೂ. ಶಿವಪೂಜೆಗೆ ಬಳಕೆ. ಹೂವಿನಿಂದ ಹಳದಿ ಬಣ್ಣ ತೆಗೆಯುವುದು, ಎಲೆಯಿಂದ ಊಟದೆಲೆ ಹಚ್ಚುವುದು ಹಳೆಯ ರೂಢಿ.
* ಅರಿಶಿನ ಬೂರುಗ (ಫೆಬ್ರವರಿ – ಮಾರ್ಚ್): ಕಲ್ಲುಗುಡ್ಡದ ಇಳಿಜಾರಿನಲ್ಲಿ ಎಲೆಯಿಲ್ಲದ ಮರದಲ್ಲಿ ಅಂಗೈಯಗಲದ ಹಳದಿ ಹೂ.
* ಜಾಲಾರಿ (ಫೆಬ್ರವರಿ – ಏಪ್ರಿಲ್): ಸುವಾಸನೆಯ ಕೆನೆಬಣ್ಣದ ಹೂ. ಕಾಯಿಗೆ ರೆಕ್ಕೆಗಳಿದ್ದು ಗಾಳಿಯಲ್ಲಿ ಗಿರಗಿಟ್ಟಲೆಯಂತೆ ತಿರುಗುತ್ತ ಇಳಿಯುತ್ತದೆ.
* ಹಿಪ್ಪೆ (ಫೆಬ್ರವರಿ – ಏಪ್ರಿಲ್): ರಾತ್ರಿ ಅರಳಿ ಬೆಳಗಿನ ಜಾವ ಉದುರುವ ಸಿಹಿ ಹೂ. ಬಾವಲಿಗಳಿಗೂ ಕರಡಿಗಳಿಗೂ ಪ್ರಿಯವಾದ ಆಹಾರ.
* ಕವಳೆ (ಫೆಬ್ರವರಿ – ಏಪ್ರಿಲ್): ಮುಳ್ಳುಪೊದೆಯಲ್ಲಿ ಮಲ್ಲಿಗೆಯಂತಹ ಬಿಳಿ ಹೂ. ಬೇಸಿಗೆಯ ಕೊನೆಗೆ ಹಣ್ಣು.
* ಹೊಂಗೆ (ಮಾರ್ಚ್ – ಏಪ್ರಿಲ್): ಹೊಸ ಚಿಗುರಿನೊಂದಿಗೆ ತಿಳಿ ನೇರಳೆ ಛಾಯೆಯ ಬಿಳಿ ಹೂ. ಜೇನುಹುಳುಗಳಿಗೆ ಮುಖ್ಯ ಆಸರೆ.
* ಬೇವು (ಮಾರ್ಚ್ – ಏಪ್ರಿಲ್): ಯುಗಾದಿಯ ಬೇವು ಬೆಲ್ಲಕ್ಕೆ ಬೇಕಾದ ಹೂ.
* ಕಕ್ಕೆ (ಏಪ್ರಿಲ್ – ಮೇ): ಇಳಿಬಿದ್ದ ಹಳದಿ ಗೊಂಚಲು. ಕೋಲಿನಂತಹ ಉದ್ದನೆಯ ಕಾಯಿ.
* ತಂಗಡಿ ಮತ್ತು ಎಕ್ಕ (ವರ್ಷದ ಬಹುಕಾಲ): ಎಕ್ಕದ ಎಲೆಯ ಹಿಂಭಾಗದಲ್ಲಿ ಪಟ್ಟೆಯುಳ್ಳ ಚಿಟ್ಟೆಹುಳುಗಳನ್ನು ಕಾಣಬಹುದು.

ಲಂಟಾನ ಗಿಡವೂ ದಾರಿಯುದ್ದಕ್ಕೂ ಹೂಬಿಟ್ಟಿರುತ್ತದೆ. ಇದು ಅಮೆರಿಕ ಖಂಡದಿಂದ ಬಂದು ನಮ್ಮ ಕಾಡನ್ನು ಆಕ್ರಮಿಸಿರುವ ಕಳೆ. ಇದನ್ನು ನಿಧಿಯ ಪಟ್ಟಿಗೆ ಸೇರಿಸದೆ, ಹತ್ತು ಹೆಜ್ಜೆಗೆ ಎಷ್ಟು ಲಂಟಾನ ಪೊದೆ ಸಿಕ್ಕಿತು ಎಂದು ಎಣಿಸುವ ಪ್ರತ್ಯೇಕ ಚಟುವಟಿಕೆ ನೀಡಬಹುದು. ಸುಂದರವಾದುದೆಲ್ಲವೂ ಕಾಡಿಗೆ ಹಿತವಲ್ಲ ಎಂಬುದು ಮಕ್ಕಳಿಗೆ ಇದರಿಂದ ತಿಳಿಯುತ್ತದೆ.

5. ಅಗೆದರೆ ನಾಶವಾಗುವ ನಿಧಿ: ಮಾಕಳಿ ಬೇರು

ಈ ಬೆಟ್ಟಗಳ ಬಂಡೆಗಳ ನಡುವೆ ಬೆಳೆಯುವ ಮಾಕಳಿ ಬಳ್ಳಿಯ ಬೇರು ಉಪ್ಪಿನಕಾಯಿ ಮತ್ತು ಔಷಧಿಗೆ ಹೆಸರುವಾಸಿ. ಬೇರಿಗೆ ವಿಶಿಷ್ಟವಾದ ಸುವಾಸನೆಯಿದೆ. ಬೇರನ್ನು ಪೂರ್ಣವಾಗಿ ಅಗೆದು ತೆಗೆದಾಗ ಬಳ್ಳಿ ಸಾಯುತ್ತದೆ. ಬೇಡಿಕೆ ಹೆಚ್ಚಿದಂತೆ ಕಾಡಿನಲ್ಲಿ ಈ ಬಳ್ಳಿ ವಿರಳವಾಗಿದೆ. ಉಪ್ಪಿನಕಾಯಿಯ ಜಾಡಿಯಲ್ಲಿ ಮಾತ್ರ ಮಾಕಳಿಯನ್ನು ಕಂಡ ಮಕ್ಕಳಿಗೆ, ಅದು ಬಳ್ಳಿಯಾಗಿ ಬಂಡೆಯ ಸಂದಿಯಲ್ಲಿ ಬದುಕಿರುವುದನ್ನು ತೋರಿಸುವುದು ಉಪಯುಕ್ತ. ಆದರೆ ಕಾಡಿನಲ್ಲಿ ಬಳ್ಳಿ ಇರುವ ಜಾಗವನ್ನು ಸುಳಿವಿನ ಚೀಟಿಯಲ್ಲಿ ಬರೆಯಬಾರದು, ಅದರ ಛಾಯಾಚಿತ್ರವನ್ನು ಸ್ಥಳದ ವಿವರದೊಂದಿಗೆ ಹಂಚಿಕೊಳ್ಳಬಾರದು. ಔಷಧಿ ಸಸ್ಯಗಳ ವನದಲ್ಲಿ ಅಥವಾ ಸಸ್ಯಕ್ಷೇತ್ರದಲ್ಲಿ ನೆಟ್ಟು ಬೆಳೆಸಿದ ಬಳ್ಳಿ ಇದ್ದಲ್ಲಿ ಅದನ್ನು ತೋರಿಸಬಹುದು. ಶ್ರೀಗಂಧದ ಮರಗಳಿಗೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ.

6. ಸುಳಿವಿನ ಚೀಟಿ ತಯಾರಿಸುವ ವಿಧಾನ

ಆಯೋಜಕರು ನಡಿಗೆಗೆ ಎರಡು ಮೂರು ದಿನ ಮುಂಚಿತವಾಗಿ ಪಥದಲ್ಲಿ ಒಮ್ಮೆ ನಡೆದು, ಆ ವಾರ ಯಾವ ಗಿಡ ಹೂಬಿಟ್ಟಿದೆ ಎಂಬುದನ್ನು ಗುರುತು ಮಾಡಿಕೊಂಡ ನಂತರವೇ ಸುಳಿವು ಬರೆಯತಕ್ಕದ್ದು. ಹಿಂದಿನ ವರ್ಷದ ಚೀಟಿಯನ್ನೇ ಬಳಸಿದಲ್ಲಿ ಹೂ ಇಲ್ಲದ ಮರದ ಕೆಳಗೆ ಮಕ್ಕಳು ನಿರಾಶರಾಗಿ ನಿಲ್ಲಬೇಕಾಗುತ್ತದೆ. ಒಂದೂವರೆಯಿಂದ ಎರಡು ಕಿ.ಮೀ. ಪಥಕ್ಕೆ ಎಂಟರಿಂದ ಹತ್ತು ಸುಳಿವುಗಳು ಸಾಕು. ಮಾದರಿಗಾಗಿ ಕೆಲವು ಸುಳಿವುಗಳನ್ನು ಕೆಳಗೆ ನೀಡಲಾಗಿದೆ.

1. ಮೈಮೇಲೆ ಒಂದೂ ಎಲೆಯಿಲ್ಲ, ಆದರೂ ಬೆಳಗಿನಿಂದ ಹಕ್ಕಿಗಳ ಸಂತೆ. ಹೂವಿನ ಆಕಾರ ಯಾವ ಹಕ್ಕಿಯ ಕೊಕ್ಕನ್ನು ನೆನಪಿಗೆ ತರುತ್ತದೆ? (ಮುತ್ತುಗ)
2. ಮರದ ಕೆಳಗೆ ಯಾರೋ ಮಂಡಕ್ಕಿ ಚೆಲ್ಲಿದಂತಿದೆ. ತಲೆಯೆತ್ತದೆ, ಕಿವಿಯಿಂದಲೇ ಹೇಳಿ: ಮೇಲೆ ಯಾರು ಕೆಲಸ ಮಾಡುತ್ತಿದ್ದಾರೆ? (ಹೊಂಗೆ, ಜೇನುಹುಳು)
3. ಹೊಸ ವರ್ಷದ ದಿನ ಬೆಲ್ಲದ ಜೊತೆಗೂಡಿ ಮನೆಗೆ ಬರುವ ಹೂ ಯಾವುದು? (ಬೇವು)
4. ಎಲ್ಲರೂ ಮಲಗಿರುವಾಗ ಅರಳಿದೆ, ಎಲ್ಲರೂ ಏಳುವ ಮುನ್ನ ಉದುರಿದೆ. ನೆಲದಲ್ಲಿ ಉಳಿದಿರುವ ಹೂಗಳನ್ನು ಎಣಿಸಿ. ಉಳಿದವು ಯಾರ ಹೊಟ್ಟೆ ಸೇರಿರಬಹುದು? (ಹಿಪ್ಪೆ)
5. ಚಿಕ್ಕವನಿದ್ದಾಗ ಮೈತುಂಬ ಮುಳ್ಳು, ದೊಡ್ಡವನಾದ ಮೇಲೆ ಹತ್ತಿಯಷ್ಟು ಮೃದು. (ಬೂರುಗ)
6. ಬೀಜಕ್ಕೆ ರೆಕ್ಕೆ ಕೊಟ್ಟ ತಾಯಿ ಯಾರು? ಬೀಜ ಮರದಿಂದ ಎಷ್ಟು ಹೆಜ್ಜೆ ದೂರ ಬಿದ್ದಿದೆ ಎಂದು ಅಳೆಯಿರಿ. (ಜಾಲಾರಿ)
7. ಎರಡು ನದಿಗಳ ಬೆಟ್ಟದಲ್ಲಿ, ಬಂಡೆಯೊಳಗಿನ ಕಣ್ಣು. (ನಾಮದ ಚಿಲುಮೆ)

ಕೊನೆಯ ಸುಳಿವು ಚಿಲುಮೆಗೆ ತಲುಪಿಸುವಂತೆ ಇರಿಸಿದಲ್ಲಿ ನಡಿಗೆಗೆ ಅರ್ಥಪೂರ್ಣ ಮುಕ್ತಾಯ ದೊರೆಯುತ್ತದೆ. ಮಳೆಗಾಲದ ನೀರನ್ನು ಮರಗಳ ಬೇರು ಮತ್ತು ತರಗೆಲೆ ತಡೆದು ನೆಲದೊಳಗೆ ಇಳಿಸುತ್ತವೆ. ಹಾಗೆ ಇಂಗಿದ ನೀರು ಬಂಡೆಯ ಬಿರುಕುಗಳಲ್ಲಿ ಸಂಗ್ರಹವಾಗಿ ನಿಧಾನವಾಗಿ ಒಸರುವುದೇ ಚಿಲುಮೆ. ಹೂಬಿಟ್ಟ ಮರಗಳನ್ನು ನೋಡುತ್ತ ಬಂದ ಮಕ್ಕಳು ಒಣ ಬೇಸಿಗೆಯಲ್ಲಿ ಬಂಡೆಯೊಳಗಿನ ನೀರನ್ನು ಕಂಡಾಗ, ಈವರೆಗೆ ತಾವು ಕಂಡ ಮರಗಳಿಗೂ ಈ ನೀರಿಗೂ ಇರುವ ಸಂಬಂಧವನ್ನು ಸ್ವತಃ ಅರಿಯುತ್ತಾರೆ. ಊರಿನಲ್ಲಿ ನಡಿಗೆ ಏರ್ಪಡಿಸುವವರು ಕೆರೆಯ ತೂಬನ್ನು ಕೊನೆಯ ಸ್ಥಳವಾಗಿ ಇರಿಸಬಹುದು. ತೂಬಿನ ಬಳಿ ನೀರಿಗೆ ಇಳಿಯದಂತೆ ಹಿರಿಯರೊಬ್ಬರು ನಿಂತಿರತಕ್ಕದ್ದು.

ದೃಷ್ಟಿದೋಷವುಳ್ಳ ಮಕ್ಕಳಿಗಾಗಿ ವಾಸನೆ, ಸದ್ದು ಮತ್ತು ತೊಗಟೆಯ ಸ್ಪರ್ಶವನ್ನು ಆಧರಿಸಿದ ಸುಳಿವುಗಳನ್ನು ಸೇರಿಸುವುದು. ಜಾಲಾರಿಯ ಪರಿಮಳ ಮತ್ತು ಹೊಂಗೆಯ ಕೆಳಗಿನ ಜೇನಿನ ಝೇಂಕಾರ ಇದಕ್ಕೆ ಉತ್ತಮ ಉದಾಹರಣೆಗಳು.

7. ಅನುಮತಿ ಪಡೆಯುವ ವಿಧಾನ

ಕರ್ನಾಟಕ ಅರಣ್ಯ ಕಾಯ್ದೆ 1963ರ ಪ್ರಕಾರ ಮೀಸಲು ಅರಣ್ಯದೊಳಗೆ ಅನುಮತಿಯಿಲ್ಲದೆ ಪ್ರವೇಶಿಸುವುದು ಅಪರಾಧ. ಆದುದರಿಂದ:

1. ಸಾರ್ವಜನಿಕರಿಗೆ ತೆರೆದಿರುವ ಜಿಂಕೆ ವನ ಮುಂತಾದ ಸ್ಥಳಗಳಲ್ಲಿ ನಿಗದಿತ ವೇಳೆಯಲ್ಲಿ ಪ್ರವೇಶಿಸಬಹುದು. ದೊಡ್ಡ ಗುಂಪು ಬರುವುದಿದ್ದಲ್ಲಿ ಮುಂಚಿತವಾಗಿ ತಿಳಿಸುವುದು.
2. ಅದರಾಚೆಗಿನ ಅರಣ್ಯ ಪಥಕ್ಕೆ ಸಂಬಂಧಪಟ್ಟ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಲಿಖಿತ ಅರ್ಜಿ ಸಲ್ಲಿಸಿ ಅನುಮತಿ ಪಡೆಯತಕ್ಕದ್ದು.
3. ಅರಣ್ಯ ಇಲಾಖೆಯು ಚಾರಣ ಪಥಗಳಿಗೆ 2024ರಲ್ಲಿ ‘ಅರಣ್ಯ ವಿಹಾರ’ ಎಂಬ ಅಂತರ್ಜಾಲ ತಾಣದ ಮೂಲಕ ಮುಂಗಡ ಕಾಯ್ದಿರಿಸುವ ವ್ಯವಸ್ಥೆ ಜಾರಿಗೆ ತಂದಿದೆ. ಆಯ್ದ ಪಥ ಅದರಲ್ಲಿ ಸೇರಿದ್ದಲ್ಲಿ ಅಲ್ಲಿಯೇ ಕಾಯ್ದಿರಿಸುವುದು.
4. ಗುಂಡುತೋಪು ಮತ್ತು ಕೆರೆ ಏರಿಗಳಲ್ಲಿ ನಡೆಸುವ ಕಾರ್ಯಕ್ರಮದ ಬಗ್ಗೆ ಗ್ರಾಮ ಪಂಚಾಯಿತಿಗೆ ಮುಂಚಿತವಾಗಿ ತಿಳಿಸುವುದು.
5. ಶಾಲಾ ತಂಡಗಳು ಶಿಕ್ಷಣ ಇಲಾಖೆಯ ಪ್ರವಾಸ ನಿಯಮಗಳನ್ನು ಪಾಲಿಸಿ, ಪೋಷಕರ ಒಪ್ಪಿಗೆ ಪತ್ರ ಪಡೆದಿರತಕ್ಕದ್ದು. ಅರಣ್ಯ ಇಲಾಖೆಯ ‘ಚಿಣ್ಣರ ವನ ದರ್ಶನ’ ಕಾರ್ಯಕ್ರಮದ ಬಗ್ಗೆಯೂ ಮುಖ್ಯೋಪಾಧ್ಯಾಯರು ವಲಯ ಕಚೇರಿಯಲ್ಲಿ ವಿಚಾರಿಸಬಹುದು.

ಅರ್ಜಿಯಲ್ಲಿ ಈ ಕೆಳಕಂಡ ವಿವರಗಳಿದ್ದಲ್ಲಿ ಪರಿಶೀಲನೆ ಶೀಘ್ರವಾಗುತ್ತದೆ:

* ಸಂಸ್ಥೆಯ ಹೆಸರು, ವಿಳಾಸ ಮತ್ತು ಜವಾಬ್ದಾರಿ ಹೊತ್ತವರ ದೂರವಾಣಿ ಸಂಖ್ಯೆ
* ದಿನಾಂಕ, ಪ್ರವೇಶದ ಮತ್ತು ನಿರ್ಗಮನದ ವೇಳೆ
* ಮಕ್ಕಳು ಮತ್ತು ಹಿರಿಯರ ಪ್ರತ್ಯೇಕ ಸಂಖ್ಯೆ
* ನಡೆಯುವ ಪಥದ ವಿವರ
* ‘ಯಾವುದೇ ವಸ್ತುವನ್ನು ಹೂಳುವುದಿಲ್ಲ, ಕೀಳುವುದಿಲ್ಲ, ಬಿಟ್ಟು ಬರುವುದಿಲ್ಲ’ ಎಂಬ ಮುಚ್ಚಳಿಕೆ

ಅರ್ಜಿಯಲ್ಲಿ ಕೇವಲ ‘ನಿಧಿ ಶೋಧ’ ಎಂದು ಬರೆಯದೆ ‘ಸಸ್ಯ ಪರಿಚಯದ ನಿಧಿ ಶೋಧ ಆಟ’ ಎಂದು ಸ್ಪಷ್ಟಪಡಿಸುವುದು ಒಳಿತು. ಶುಲ್ಕ ಮತ್ತು ಪ್ರವೇಶದ ವೇಳೆ ಕಾಲಕಾಲಕ್ಕೆ ಪರಿಷ್ಕರಣೆಯಾಗುವುದರಿಂದ ಅರ್ಜಿ ಸಲ್ಲಿಸುವಾಗ ಕಚೇರಿಯಲ್ಲಿ ಖಚಿತಪಡಿಸಿಕೊಳ್ಳಲು ಕೋರಲಾಗಿದೆ.

8. ಕಾಳ್ಗಿಚ್ಚು: ಅತಿ ಮುಖ್ಯ ಸೂಚನೆ

ಹೂಗಳು ಅತ್ಯಂತ ಹೇರಳವಾಗಿರುವ ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಅವಧಿಯೇ ಕಾಳ್ಗಿಚ್ಚಿನ ಅವಧಿಯೂ ಹೌದು. ಮೊಣಕಾಲೆತ್ತರದ ಒಣ ಹುಲ್ಲು, ತರಗೆಲೆ ಮತ್ತು ಮಧ್ಯಾಹ್ನದ ಗಾಳಿ ಸೇರಿದಾಗ ಒಂದು ಬೀಡಿಯ ತುಂಡು ಇಡೀ ಗುಡ್ಡವನ್ನು ಸುಡಲು ಸಾಕು. ಬೆಂಕಿ ಹಾಕಿದರೆ ಮಳೆಗಾಲದಲ್ಲಿ ಹುಲ್ಲು ಚೆನ್ನಾಗಿ ಬರುತ್ತದೆ ಎಂಬ ನಂಬಿಕೆಯಿಂದಲೂ ಕೆಲವೆಡೆ ಬೆಂಕಿ ಇಡಲಾಗುತ್ತಿದೆ. ಆದರೆ ನೆಲದ ಮೇಲಿನ ಬೀಜ, ಮೊಳಕೆ, ಎಳೆಯ ಸಸಿ, ನೆಲದಲ್ಲಿ ಗೂಡು ಕಟ್ಟುವ ಹಕ್ಕಿಯ ಮೊಟ್ಟೆ ಎಲ್ಲವೂ ಆ ಬೆಂಕಿಯಲ್ಲಿ ನಾಶವಾಗುತ್ತವೆ. ದೊಡ್ಡ ಮರ ಉಳಿದು ಮುಂದಿನ ವರ್ಷವೂ ಹೂಬಿಡಬಹುದು. ಅದರ ಮಕ್ಕಳು ಉಳಿದಿರುವುದಿಲ್ಲ.

ಆದುದರಿಂದ ಬೆಂಕಿಪೊಟ್ಟಣ, ಲೈಟರ್, ಬೀಡಿ, ಸಿಗರೇಟು, ಪಟಾಕಿ ಮತ್ತು ಅಡುಗೆ ಒಲೆಗಳನ್ನು ಪಥದೊಳಗೆ ಒಯ್ಯುವುದು ನಿಷಿದ್ಧ. ಬೇಸಿಗೆಗೆ ಮುನ್ನ ಸವರಿ ಸಿದ್ಧಪಡಿಸಿರುವ ಬೆಂಕಿ ರೇಖೆಗಳ ಮೇಲೆ ಕಸ ಅಥವಾ ಸೌದೆ ಹಾಕಬಾರದು. ಕಾಳ್ಗಿಚ್ಚಿನ ಅಪಾಯ ಹೆಚ್ಚಿದ ದಿನಗಳಲ್ಲಿ ನೀಡಿದ ಅನುಮತಿಯನ್ನು ರದ್ದುಪಡಿಸುವ ಸಂಭವವಿದೆ. ಅಂತಹ ಸಂದರ್ಭದಲ್ಲಿ ತಂಡಗಳು ಸಹಕರಿಸಿ, ಕೆರೆ ಏರಿ ಅಥವಾ ಗುಂಡುತೋಪಿನ ನಡಿಗೆಗೆ ಬದಲಾಯಿಸಿಕೊಳ್ಳಲು ಕೋರಲಾಗಿದೆ. ಹೊಗೆ ಕಂಡಲ್ಲಿ ತಂಡವು ಗಾಳಿ ಬೀಸುವ ದಿಕ್ಕನ್ನು ಗಮನಿಸಿ ಕೂಡಲೇ ಹಿಂದಿರುಗತಕ್ಕದ್ದು ಮತ್ತು ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ತಿಳಿಸತಕ್ಕದ್ದು. ಮಕ್ಕಳಿಂದ ಬೆಂಕಿ ಆರಿಸುವ ಪ್ರಯತ್ನ ಮಾಡಿಸಬಾರದು.

9. ಸುರಕ್ಷತಾ ಸೂಚನೆಗಳು

1. ವೇಳೆ: ಸೂರ್ಯೋದಯದ ನಂತರ ಆರಂಭಿಸಿ, ಬಿಸಿಲೇರುವ ಮುನ್ನ ಮುಗಿಸುವುದು. ಉದುರಿದ ಹಿಪ್ಪೆ ಹೂವಿಗಾಗಿ ಕರಡಿಗಳು ಬೆಳಗಿನ ಜಾವ ಬರುವ ಸಂಭವವಿದೆ. ಚಿರತೆಗಳ ಸಂಚಾರವೂ ಮಬ್ಬುಗತ್ತಲಿನಲ್ಲಿ ಹೆಚ್ಚು.
2. ತಂಡ: ಆರರಿಂದ ಎಂಟು ಮಕ್ಕಳಿಗೆ ಒಬ್ಬ ಹಿರಿಯರು. ತಂಡಗಳ ನಡುವೆ ಓಟದ ಸ್ಪರ್ಧೆ ಏರ್ಪಡಿಸಬಾರದು. ಮೊದಲು ತಲುಪಿದವರಿಗೆ ಬಹುಮಾನ ಇಟ್ಟಲ್ಲಿ ಮಕ್ಕಳು ನೋಡುವುದನ್ನು ಬಿಟ್ಟು ಓಡುತ್ತಾರೆ, ಬೀಳುತ್ತಾರೆ. ಹೆಚ್ಚು ವಿವರ ಬರೆದವರಿಗೆ ಮೆಚ್ಚುಗೆ ನೀಡುವುದು ಸೂಕ್ತ.
3. ಹೆಜ್ಜೇನು: ಹೂವಿನ ಕಾಲದಲ್ಲಿ ಹೆಜ್ಜೇನು ದೊಡ್ಡ ಮರ ಮತ್ತು ಬಂಡೆಗಳಲ್ಲಿ ಗೂಡು ಕಟ್ಟುತ್ತದೆ. ಗೂಡಿರುವ ಕಡೆ ಸುಳಿವು ಇಡಬಾರದು. ಕಲ್ಲೆಸೆತ, ಕೂಗಾಟ, ಹೊಗೆ ಮತ್ತು ಗಾಢ ಸುಗಂಧದ್ರವ್ಯ ಸಲ್ಲದು. ಹುಳುಗಳು ಎದ್ದಲ್ಲಿ ತಲೆ ಮತ್ತು ಮುಖವನ್ನು ಬಟ್ಟೆಯಿಂದ ಮುಚ್ಚಿಕೊಂಡು ದೂರ ಹೋಗಿ ವಾಹನ ಅಥವಾ ಕಟ್ಟಡದೊಳಗೆ ಸೇರುವುದು. ಉಸಿರಾಟದ ತೊಂದರೆ ಕಂಡಲ್ಲಿ ತಡಮಾಡದೆ 108ಕ್ಕೆ ಕರೆ ಮಾಡುವುದು.
4. ಹಾವು: ಮುಚ್ಚಿದ ಪಾದರಕ್ಷೆ ಧರಿಸುವುದು. ಕಲ್ಲು ಮತ್ತು ಒಣ ಎಲೆಯ ರಾಶಿಯನ್ನು ಕೈಯಿಂದ ಕೆದಕಬಾರದು. ಕಚ್ಚಿದಲ್ಲಿ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ನಾಟಿ ಚಿಕಿತ್ಸೆಗೆ ಕಾಯುವುದು ಅಪಾಯಕರ. ಕಚ್ಚಿಸಿಕೊಂಡವರನ್ನು ಓಡಿಸದೆ, ನಡೆಸದೆ ನೇರವಾಗಿ ಆಸ್ಪತ್ರೆಗೆ ಸಾಗಿಸುವುದು.
5. ರುಚಿ ನೋಡಬಾರದು: ಗುರುತಿಲ್ಲದ ಹೂ, ಕಾಯಿ ಮತ್ತು ಬೀಜಗಳನ್ನು ಬಾಯಿಗೆ ಹಾಕಬಾರದು. ಎಕ್ಕದ ಹಾಲು ಕಣ್ಣಿಗೆ ತಾಗಿದಲ್ಲಿ ತೀವ್ರ ಹಾನಿಯಾಗುತ್ತದೆ.
6. ನೀರು: ಪ್ರತಿಯೊಬ್ಬರೂ ಮರುಬಳಕೆಯ ಸೀಸೆಯಲ್ಲಿ ಕನಿಷ್ಠ ಒಂದು ಲೀಟರ್ ನೀರು ತರುವುದು. ಟೋಪಿ ಕಡ್ಡಾಯ.

10. ಸಂಬಂಧಪಟ್ಟ ಕಾನೂನುಗಳು

* ಕರ್ನಾಟಕ ಅರಣ್ಯ ಕಾಯ್ದೆ 1963: ಅತಿಕ್ರಮ ಪ್ರವೇಶ, ಬೆಂಕಿ ಹಚ್ಚುವುದು, ಮರಗಳಿಗೆ ಹಾನಿ ಹಾಗೂ ಅರಣ್ಯ ಉತ್ಪನ್ನಗಳ ಅನಧಿಕೃತ ಸಂಗ್ರಹ ಶಿಕ್ಷಾರ್ಹ.
* ವನ್ಯಜೀವಿ (ಸಂರಕ್ಷಣೆ) ಕಾಯ್ದೆ 1972: ಸಂರಕ್ಷಿತ ವನ್ಯಜೀವಿಗಳಿಗೆ, ಹಕ್ಕಿಗಳ ಗೂಡು ಮತ್ತು ಮೊಟ್ಟೆಗಳಿಗೆ ಹಾನಿ ಮಾಡುವುದು ಶಿಕ್ಷಾರ್ಹ.
* ಕರ್ನಾಟಕ ನಿಧಿ ನಿಕ್ಷೇಪ ಕಾಯ್ದೆ 1962: ನೆಲದಲ್ಲಿ ಬೆಲೆಬಾಳುವ ವಸ್ತು ಆಕಸ್ಮಿಕವಾಗಿ ದೊರೆತಲ್ಲಿ ಜಿಲ್ಲಾಡಳಿತಕ್ಕೆ ತಿಳಿಸುವುದು ಕಂಡವರ ಹೊಣೆ. ಅದನ್ನು ಬಚ್ಚಿಡುವುದು ಅಪರಾಧ.
* ಕರ್ನಾಟಕ ಪ್ರಾಚೀನ ಮತ್ತು ಐತಿಹಾಸಿಕ ಸ್ಮಾರಕಗಳ ಹಾಗೂ ಪುರಾತತ್ವ ನಿವೇಶನಗಳ ಕಾಯ್ದೆ 1961: ರಕ್ಷಿತ ಸ್ಮಾರಕಗಳಿಗೆ ಹಾನಿ ಮಾಡುವುದು, ಅವುಗಳನ್ನು ವಿರೂಪಗೊಳಿಸುವುದು ಅಪರಾಧ.

ನಡಿಗೆಯ ಸಮಯದಲ್ಲಿ ಹೊಸದಾಗಿ ಅಗೆದ ಗುಂಡಿ, ಕಿತ್ತ ಕಲ್ಲು ಅಥವಾ ಗುಡಿಯ ಬಳಿ ಸಂಶಯಾಸ್ಪದ ಪೂಜಾ ಸಾಮಗ್ರಿ ಕಂಡಲ್ಲಿ ಮುಟ್ಟದೆ, ಪೊಲೀಸ್ ಸಹಾಯವಾಣಿ 112ಕ್ಕೆ ತಿಳಿಸಲು ಕೋರಲಾಗಿದೆ.

11. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ನೆಲಕ್ಕೆ ಬಿದ್ದ ಹೂಗಳನ್ನು ಮನೆಗೆ ಒಯ್ಯಬಹುದೇ?
ಉತ್ತರ: ಅರಣ್ಯದಿಂದ ಒಯ್ಯಬಾರದು.ಬಿದ್ದ ಹೂವು ಜಿಂಕೆ, ಇರುವೆ ಮತ್ತು ಮಣ್ಣಿನ ಪಾಲು. ಊರಿನ ತೋಪಿನಲ್ಲಿ ಚಟುವಟಿಕೆಗಾಗಿ ಕೆಲವು ಹೂಗಳನ್ನು ಆಯ್ದುಕೊಂಡು ನೋಡಿ, ಅಲ್ಲಿಯೇ ಬಿಡಬಹುದು.

ಪ್ರಶ್ನೆ: ಯುಗಾದಿಗೆ ಬೇಕಾದ ಬೇವಿನ ಹೂವನ್ನು ಕಾಡಿನಿಂದ ತರಬಹುದೇ?
ಉತ್ತರ: ಅವಶ್ಯವಿಲ್ಲ. ಬೇವು ಊರಿನ ಮರ. ಮನೆ, ಹೊಲ ಮತ್ತು ರಸ್ತೆ ಬದಿಯಲ್ಲಿಯೇ ಸಿಗುತ್ತದೆ.

ಪ್ರಶ್ನೆ: ಮೊಬೈಲ್ ದೂರವಾಣಿ ಬಳಸಬಹುದೇ?
ಉತ್ತರ: ಛಾಯಾಚಿತ್ರ ತೆಗೆಯಲು ಬಳಸಬಹುದು. ಬೆಟ್ಟದ ಮರೆಯಲ್ಲಿ ಸಂಪರ್ಕ ಸಿಗದಿರುವ ಸಾಧ್ಯತೆಯಿರುವುದರಿಂದ ದಾರಿಗಾಗಿ ಅದನ್ನೊಂದೇ ನಂಬಬಾರದು. ಬಂಡೆಯಂಚಿನಲ್ಲಿ ಸ್ವಂತ ಚಿತ್ರ ತೆಗೆದುಕೊಳ್ಳುವುದು ಅಪಾಯಕರ.

ಪ್ರಶ್ನೆ: ಸುಳಿವಿನ ಚೀಟಿಯನ್ನು ಮರಕ್ಕೆ ಅಂಟಿಸಬಹುದೇ?
ಉತ್ತರ: ಇಲ್ಲ. ಮೊಳೆ, ಅಂಟು, ದಾರ, ಬಣ್ಣ ಯಾವುದನ್ನೂ ಬಳಸಬಾರದು. ಚೀಟಿಗಳು ತಂಡದ ಹಿರಿಯರ ಕೈಯಲ್ಲಿಯೇ ಇರಬೇಕು ಮತ್ತು ಎಣಿಸಿ ಹಿಂದಕ್ಕೆ ತರಬೇಕು.

ಪ್ರಶ್ನೆ: ನಡಿಗೆಯ ನಂತರ ಚೀಟಿಗಳನ್ನು ಏನು ಮಾಡಬೇಕು?
ಉತ್ತರ: ದಿನಾಂಕ ನಮೂದಿಸಿ ಶಾಲೆಯಲ್ಲಿ ಕಡತ ಮಾಡಿ ಇಡುವುದು. ಯಾವ ಮರ ಯಾವ ವಾರ ಹೂಬಿಟ್ಟಿತು ಎಂಬ ದಾಖಲೆ ಐದಾರು ವರ್ಷ ಸೇರಿದಲ್ಲಿ ಊರಿನ ಹವಾಮಾನದ ಬದಲಾವಣೆಯನ್ನು ಅರಿಯಲು ನೆರವಾಗುತ್ತದೆ. ಮರಗಳ ಚಿಗುರು, ಹೂ ಮತ್ತು ಹಣ್ಣಿನ ಕಾಲವನ್ನು ಸಾರ್ವಜನಿಕರಿಂದ ದಾಖಲಿಸುವ ‘ಸೀಸನ್‌ವಾಚ್’ ಎಂಬ ದೇಶವ್ಯಾಪಿ ಕಾರ್ಯಕ್ರಮದಲ್ಲಿಯೂ ಶಾಲೆಗಳು ಭಾಗವಹಿಸಬಹುದು.

12. ಕೊನೆಯ ಮಾತು

ನಡಿಗೆ ಮುಗಿಸಿ ಹೊರಡುವಾಗ ಆಯೋಜಕರು ಎರಡು ಎಣಿಕೆಗಳನ್ನು ತಪ್ಪದೆ ಮಾಡತಕ್ಕದ್ದು. ಒಂದು, ಬಂದ ಮಕ್ಕಳೆಲ್ಲರೂ ಹಿಂದಿರುಗಿದ್ದಾರೆಯೇ ಎಂಬುದು. ಎರಡು, ತಂದ ಚೀಟಿ, ಸೀಸೆ ಮತ್ತು ತಿಂಡಿಯ ಪೊಟ್ಟಣಗಳೆಲ್ಲವೂ ಹಿಂದಿರುಗಿವೆಯೇ ಎಂಬುದು. ಇವೆರಡೂ ಸರಿಯಿದ್ದು, ಪಥದಲ್ಲಿ ಒಂದು ಹೂವೂ ಕಡಿಮೆಯಾಗಿರದಿದ್ದಲ್ಲಿ ನಡಿಗೆ ಯಶಸ್ವಿಯಾಗಿದೆ ಎಂದು ಭಾವಿಸಬಹುದು. ಈ ಬೆಟ್ಟಗಳ ನಿಧಿಯನ್ನು ಹೀಗೆ ಪ್ರತಿ ವರ್ಷ ಸಾವಿರ ಜನ ಕಂಡುಹಿಡಿದರೂ ಅದು ಮುಗಿಯುವುದಿಲ್ಲ. ಸಾರ್ವಜನಿಕರು ಮೇಲ್ಕಂಡ ಸೂಚನೆಗಳನ್ನು ಪಾಲಿಸಿ ಸಹಕರಿಸಬೇಕಾಗಿ ಕೋರಲಾಗಿದೆ.